ಪೀರುನ ಹೆಸರಿನ ಫ್ರಿಜ್ಜು

"ಪೀರುಗೆ ನೋಡಿ ಹೇಳ್ರಿ. ಹೇಳಿದಷ್ಟೇ ಮಾಡ್ತಾನ ಅಂವ."

ಇದು ನನ್ನ ಹೆಂಡತಿ ಜನ್ನತಬಿ ನನಗೆ ಹೇಳಿದ ಕಡೇ ಮಾತು. ಅವತ್ತೇ ತೀರಿಕೊಂಡಳು.

ಪೀರು ನಮ್ಮ ಮಗ. ಒಬ್ಬನೇ ಮಗ. ಒಮ್ಮೆ ಅವಳು, "ಗಾದಿ ಬಿಸಿಲಿಗೆ ಹಾಕು, ನಾ ಬಂದ ಮ್ಯಾಲೆ ಒಳಗ ತಗೊಂಡ್ರಾತು" ಅಂತ ಹೇಳಿ ತವರಿಗೆ ಹೋದಳು. ಬರೋದು ತಡ ಆಯಿತು. ಮಳೆ ಬಂತು. ಪೀರು ಗಾದಿಗೆ ಕೊಡೆ ಹಿಡಿದು ನಿಂತ. ಒಳಗೆ ಮಾತ್ರ ತರಲಿಲ್ಲ. ಅವಳು ಬಂದು ಹಣೆ ಹಣೆ ಬಡಕೊಂಡಳು. "ಯಾಕೋ ತರಲಿಲ್ಲ?" ಅಂದರೆ, "ನೀ ಬಂದಿರಲಿಲ್ಲಲ್ಲ ಅವ್ವಾ" ಅಂದ.

ಅಂಥ ಹುಡುಗ.

ನಾವು ಬೆಟಗೇರಿಯಲ್ಲಿ ಗಾದಿ ಹೊಲೆಯೋರು. ಹತ್ತಿ ಹಿಂಜಿ ಹಿಂಜಿ ನನ್ನ ಎದೆ ಕಟ್ಟಿತು. ಹಿಂಜೋ ಬಿಲ್ಲು ಎತ್ತೋಕೆ ಆಗಲ್ಲ ಈಗ. ಹತ್ತಿ ಹಿಂಜೋ ಮಷೀನು ಬಂದರೆ ಪೀರು ನಡೆಸ್ತಾನೆ. ಒಂದೇ ಕೆಲಸ, ಒಂದೇ ತರಹ, ಅವನಿಗೆ ಅದು ಬರುತ್ತೆ. ಮಷೀನು ಬರದಿದ್ದರೆ ನನ್ನ ಹಿಂದೆ ಅವನಿಗೆ ಅನ್ನ ಇಲ್ಲ. ಅದಕ್ಕೇ ಅವನ ಹೆಸರಲ್ಲಿ ಸಾಲ ಕೇಳೋಕೆ ಬ್ಯಾಂಕಿಗೆ ಹೋದೆವು.

ಬ್ಯಾಂಕಿನ ಮೇಡಂ ಕಂಪ್ಯೂಟರ್ ನೋಡಿದರು. "ನಿನ್ನ ಕ್ರೆಡಿಟ್ ರಿಪೋರ್ಟಿನಾಗ ಒಂದು ಫ್ರಿಜ್ಜಿನ ಸಾಲ ಐತಲ್ಲೋ. ಕಟ್ಟಿಲ್ಲ. ವಸೂಲಿ ಕಂಪನಿ ಕೈಗೆ ಹೋಗೇತಿ."

ನಮ್ಮ ಮನೆಯಲ್ಲಿ ತಂಪಾಗಿರೋದು ಮಣ್ಣಿನ ಕೊಡ ಒಂದೇ. ಹಂಗಂತ ಹೇಳಿದೆ.

"ಹಂಗಾರ ತಕರಾರು ಹಾಕ್ರಿ. ಅದು ಹೋಗೋ ತನಕ ಮಷೀನ್ ಸಾಲ ಇಲ್ಲ" ಅಂದರು. ತಕರಾರಿನ ಅರ್ಜಿ ಅವರೇ ಬರೆದು ಕಳಿಸಿದರು. ಪೀರುಗೆ ಹೇಳಿದರು: "ಯಾರು ಏನ ಕೇಳಿದ್ರೂ ಹೂಂ ಅನ್ನಬ್ಯಾಡ. ನಂದಲ್ಲ ಅನ್ನು."

ಪೀರು ಹೂಂ ಅನ್ನಲಿಲ್ಲ. ತಲೆ ಆಡಿಸಿದ.

ಪೋಸ್ಟ್‌ಮನ್ ರಿಜಿಸ್ಟರ್ ಕಾಗದ ತಂದ. ನಾನು ಮನೆಯಲ್ಲಿರಲಿಲ್ಲ.

"ಪೀರಸಾಬ, ಇದು ನಿಂದು ನೋಡು."

"ನಂದಲ್ಲ."

"ನಿನ್ನ ಹೆಸರೈತಲೋ."

"ನಂದಲ್ಲ."

"ಮತ್ತ ಈ ಮನಿ?"

"ನಂದಲ್ಲ."

"ಹಾಕ್ಕೊಂಡ ಅಂಗಿನರ ನಿಂದೋ ಇಲ್ಲೋ?"

"ನಂದಲ್ಲ."

ಪೋಸ್ಟ್‌ಮನ್ ಕಾಗದ ತಿರುಗಿ ಒಯ್ದ. ಅದು ವಸೂಲಿ ಕಂಪನಿಯ ಉತ್ತರ. ನಾನು ಅಂಚೆ ಕಚೇರಿಗೆ ಹೋಗಿ ಕಾಡಿ ಬೇಡಿ ಬಿಡಿಸಿಕೊಂಡು ಬಂದೆ. "ಸಾಲ ನಿಮ್ಮದೇ" ಅಂತ ಬರೆದಿದ್ದರು, ಅಷ್ಟೇ.

ಬೈದೆ. "ಕಾಗದ ತಂದೋರಿಗೆ ಒಲ್ಲೆ ಅನ್ನಬಾರದಲೇ. ಇಸ್ಕೊಂಡು ಸಹಿ ಮಾಡಬೇಕು."

"ಹೂಂ ಯಪ್ಪಾ" ಅಂದ.

ಆಮೇಲೆ ವಸೂಲಿಯವನು ಬೈಕಿನ ಮೇಲೆ ಬಂದ. ಅವನೂ ಕಾಗದ ತಂದಿದ್ದ. ಸಾಲ ನಂದೇ, ಕಂತಿನಲ್ಲಿ ಕಟ್ಟುತ್ತೇನೆ ಅನ್ನೋ ಕಾಗದ. ಪೀರು ಇಸ್ಕೊಂಡ. "ಪೆನ್ ಕೊಡ್ರಿ" ಅಂದ. ವಸೂಲಿಯವನಿಗೇ ಗಾಬರಿ, ಇಷ್ಟು ಸಲೀಸಾಗಿ ಯಾರೂ ಕೇಳಿದ್ದಿಲ್ಲವಂತೆ. ನಾನು ಹಿತ್ತಲಿಂದ ಬರೋದರೊಳಗೆ 'ಪೀ' ಅಂತ ಬರೆದಾಗಿತ್ತು. ಕಾಗದ ಕಸಿದು ಹರಿದೆ.

ಮತ್ತೆ ಬೈದೆ. "ಹಳೇ ಗಾದಿ ಬಿಚ್ಚಿ ಹಿಂಜೋ ಮೊದಲು ಮಾಲೀಕರ ಕಣ್ಣ ಮುಂದ ಹತ್ತಿ ತೂಗತೀವೋ ಇಲ್ಲೋ? ಇದೂ ಹಂಗ. ಸಾಲ ನಿಂದು ಅಂದ್ರ, ಮಾಲು ಎಲ್ಲೈತಿ ತೋರಸ್ರಿ ಅನ್ನಬೇಕು."

"ಹೂಂ ಯಪ್ಪಾ" ಅಂದ.

ಮರುದಿನ ಹುಡುಗ ಇಲ್ಲ. ಪಕ್ಕದ ಮನೆಯವರ ಕೈಗಾಡಿ ಇಲ್ಲ. ಹಗ್ಗ ಇಲ್ಲ. ನನ್ನ ಹಳೇ ಗಾದಿಯೂ ಇಲ್ಲ.

ಫ್ರಿಜ್ಜು ತರೋಕೆ ಗದಗಿನ ವಸೂಲಿ ಆಫೀಸಿಗೆ ಹೋಗಿದ್ದ. ಗಾದಿ ಯಾಕೆಂದರೆ, ದಾರಿಯಲ್ಲಿ ಫ್ರಿಜ್ಜು ತರಚಬಾರದು ಅಂತ. ನಾನು ಹುಡುಕಿಕೊಂಡು ಹೋದಾಗ ಗಾಡಿ ಮೆಟ್ಟಿಲಿಗೆ ಅಡ್ಡ ನಿಂತಿತ್ತು. ಒಳಗೆ ಹೋಗೋರಿಗೆ ದಾರಿಯಿಲ್ಲ. ಮೆಟ್ಟಿಲ ಮೇಲೆ ಆಫೀಸಿನ ಗುಮಾಸ್ತ, ಕೆಳಗೆ ಪೀರು.

"ನನ್ನ ಫ್ರಿಜ್ಜು ಕೊಡ್ರಿ."

"ಅದು ನಿನ್ನ ಮನ್ಯಾಗ ಐತೋ ಮಾರಾಯ."

"ಇಲ್ರಿ. ನೋಡ್ಕೊಂಡ ಬಂದೇನಿ."

"ಸಾಲ ಕಟ್ಟು, ಹೋಗು."

"ಮಾಲು ತೋರಸ್ರಿ."

ಸಾಲ ಕಟ್ಟೋಕೆ ಬಂದವರು ಸುತ್ತ ನಿಂತರು. ಅವರಿಗೂ ಪೀರು ಕೇಳಿದ, "ನಿಮ್ಮ ಮಾಲು ನೋಡಿರೇನ್ರಿ?" ಒಬ್ಬ ಮುದುಕ ರೊಕ್ಕ ತಿರುಗಿ ಜೇಬಿಗೆ ಇಟ್ಟ. ಆಗ ಮ್ಯಾನೇಜರ್ ಹೊರಗೆ ಬಂದ. ಬೈದ, ಪೊಲೀಸ್ ಅಂದ. ಪೀರು ಕದಲಲಿಲ್ಲ. ಕೊನೆಗೆ ಆತ ಫ್ರಿಜ್ಜು ಎಲ್ಲಿಗೆ ಹೋಗಿತ್ತು ಅಂತ ಕಂಪ್ಯೂಟರಿನಲ್ಲಿ ತೆಗೆಸಿದ. ಬೇರೆ ಊರು. ಹೆಸರು ಇವನದೇ, ಅಪ್ಪನ ಹೆಸರು ಬೇರೆ. ಫೋಟೋದಲ್ಲಿ ದಪ್ಪ ಮೀಸೆಯ ಗಂಡಸು.

ಮ್ಯಾನೇಜರ್ ಫೋಟೋ ನೋಡಿದ, ಪೀರುನ ನೋಡಿದ. "ಇದು ನೀನಲ್ಲ."

"ಅಲ್ರಿ. ಫ್ರಿಜ್ಜು?"

"ಅದೂ ನಿಂದಲ್ಲಪ್ಪ. ಸಾಲ ನಿಂದಲ್ಲ ಅಂತ ಬರದು ಕೊಡ್ತೀನಿ, ಮೊದಲು ಗಾಡಿ ತಗಿ." ಕಾಗದ ಕೊಡುವಾಗ ಕೈ ಮುಗಿದು ಹೇಳಿದ: "ಇನ್ನೊಮ್ಮೆ ಗುರುತಿಲ್ಲದ ಸಾಲ ನಿನ್ನ ಹೆಸರಿಗೆ ಕಂಡ್ರ ಇಲ್ಲಿಗೆ ಬರಬ್ಯಾಡ. ಅವತ್ತ ಬ್ಯಾಂಕಿಗೆ ಹೋಗಿ ನಂದಲ್ಲ ಅಂತ ಬರದು ಕೊಡು."

ಖಾಲಿ ಗಾಡಿ ತಳ್ಳಿಕೊಂಡು ಬಂದೆವು. ಪೀರುಗೆ ಫ್ರಿಜ್ಜು ಸಿಗಲಿಲ್ಲ ಅಂತ ಬೇಜಾರು. ನನಗೆ ಮಾತ್ರ ಎದೆ ಹಗುರಾಗಿತ್ತು. ಓದಿದವರು ಹೆದರಿ ಕಟ್ಟಿ ಬರೋ ಜಾಗದಿಂದ ನನ್ನ ಮಗ ಬರೆಸಿಕೊಂಡು ಬಂದಿದ್ದ. ದಾರಿಯಲ್ಲಿ ಕೇಳಿದವರಿಗೆಲ್ಲ ಹೇಳಿದೆ. ಕೇಳದವರಿಗೂ ಹೇಳಿದೆ.

ಆ ಕಾಗದ ಬ್ಯಾಂಕಿಗೆ ಕೊಟ್ಟ ಮೇಲೆ ರಿಪೋರ್ಟಿನಿಂದ ಫ್ರಿಜ್ಜು ಹೋಯಿತು. ಮೇಡಂ ಮಷೀನಿನ ಸಾಲ ಮಂಜೂರು ಮಾಡಿದರು. ಪೀರುನ ಫೋನಿಗೆ ಮೆಸೇಜು ಬಂತು: ನಿಮ್ಮ ಹೆಸರಿನಲ್ಲಿ ಸಾಲದ ಖಾತೆ ತೆರೆದಿದೆ, ನಂಬರು ಇಂಥದ್ದು.

ಪೀರು ನಂಬರು ನೋಡಿದ. ಗುರುತಿಲ್ಲದ ನಂಬರು. ಅವತ್ತೇ ಬ್ಯಾಂಕಿಗೆ ಹೋದ. ನಂದಲ್ಲ ಅಂತ ಬರೆದು ಕೊಟ್ಟು ಬಂದ.

ಸಂಜೆ ನನಗೆ ಹೇಳಿದ. "ಯಪ್ಪಾ, ಮತ್ತ ಯಾರೋ ನನ್ನ ಹೆಸರಿಗೆ ಸಾಲ ತಗದಿದ್ರು. ಈ ಸಲ ನಾನ ನಿಲ್ಲಿಸಿ ಬಂದೆ."

ಎಷ್ಟು ಖುಷಿ ಅವನ ಮುಖದಲ್ಲಿ. ಬೈಯೋಕೆ ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವನನ್ನು ಕರಕೊಂಡು ಬ್ಯಾಂಕಿಗೆ ಹೋದೆ. ಮೇಡಂ ಅವನ ಚೀಟಿ ನನ್ನ ಮುಂದೆ ಇಟ್ಟರು. "ಇಂಥವನಿಗೆ ಹೆಂಗ ಕೊಡ್ಲಿ ಅಜ್ಜಾ? ಹೊಣಿ ಯಾರು?" ಅಂದರು. ಪೆನ್ನು ಕೇಳಿ ಇಸ್ಕೊಂಡೆ. ನನ್ನ ಅಕ್ಷರ ನಿಧಾನ. ಮಗ ನನ್ನವ, ಸಾಲ ನಮ್ಮದು, ಹೊಣೆ ನಾನು ಅಂತ ಬರೆದು ಸಹಿ ಮಾಡಿದೆ.

ಮೇಡಂ ಓದಿ ಸೀಲು ಹೊಡೆದರು. "ಸಾಲ ನಮ್ಮದು, ಹೊಣಿ ನಾನು ಅಂದ್ರ ಸಾಕಾಗಿತ್ತು ಅಜ್ಜಾ. ಮಗ ನನ್ನವ ಅಂತ ಬರಿಯೋದು ಬೇಕಿರಲಿಲ್ಲ."

"ಇರಲಿ ಬಿಡ್ರಿ" ಅಂದೆ.