ಹಿಂದಿನ ಸ್ಪೀಕರಿನ ಬಾಯಿ

ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ಈ ಮಾತು ಇಲ್ಲಿಂದಾಚೆ ಹೋದರೆ ನನ್ನಾಣೆ.

ಸಿನಿಮಾ ಎಡಿಟಿಂಗ್ ಮಾಡೋ ಕೋಣೆಯಲ್ಲಿ ಸುತ್ತಲೂ ಸ್ಪೀಕರುಗಳಿದ್ದವು. ಮಾತೆಲ್ಲ ಪರದೆ ಕೆಳಗಿನ ನಡುವಿನ ಸ್ಪೀಕರಮ್ಮನ ಪಾಲು. ಹಿಂದಿನ ಬಲಮೂಲೆಯವಳಿಗೆ ಸಿಕ್ಕಿದ್ದು ಬರೀ ಮದುವೆಮನೆಯ ವಾಲಗ. "ನಾನೇನು ಮೂಗಿಯೇ? ಇವತ್ತು ಮಾತಾಡಿಯೇ ತೀರ್ತೀನಿ" ಅಂತ ಅವಳು ಹಟ ಹಿಡಿದಳು.

ಪರದೆಯ ಮೇಲೆ ಸೋದರತ್ತೆ ಮದುಮಗಳ ಕಿವಿಯಲ್ಲಿ, "ಗಂಡಿಗೆ ಇನ್ನೊಬ್ಬಳಿದ್ದಾಳಂತೆ" ಅಂದಳು. ನಡುವಿನವಳು ಅದನ್ನು ಪಿಸುಗುಟ್ಟಿದಳೋ ಇಲ್ಲವೋ, ಬಲಮೂಲೆಯವಳು ವಾಲಗ ಬಿಟ್ಟು ಅದನ್ನೇ ಗಟ್ಟಿಯಾಗಿ ಒದರಿದಳು.

ಎಡಿಟರ್ ಇಂದುಮತಿ ಬೆಚ್ಚಿ ಹಿಂದೆ ತಿರುಗಿದಳು. "ಇದ್ಯಾರ ಬಾಯಿ? ಒಬ್ಬೊಬ್ಬರನ್ನೇ ಕೇಳ್ತೀನಿ. ಮಾತು ಕದ್ದವಳನ್ನ ಸಿನಿಮಾ ಮುಗಿಯೋವರೆಗೂ ಮ್ಯೂಟ್ ಮಾಡ್ತೀನಿ!"

ಎಲ್ಲರ ಬಾಯಿ ಮುಚ್ಚಿಸಿ ಒಬ್ಬೊಬ್ಬರನ್ನೇ ನುಡಿಸಿದಳು. ಹಿಂದಿನ ಎಡಮೂಲೆಯ ನೆರೆಯವಳು ಅಚ್ಚುಕಟ್ಟಾಗಿ ವಾಲಗ ಊದಿ ಮುಗಿಸಿದಳು. ಬಲಮೂಲೆಯವಳೂ ಹಾಗೇ ಊದಿದ್ದರೆ ಬಚಾವಾಗ್ತಿದ್ದಳು. ಆದರೆ ಕೋಣೆಯೆಲ್ಲ ಸುಮ್ಮನಿದೆ, ಎಲ್ಲರ ಕಿವಿಯೂ ತನ್ನ ಮೇಲಿದೆ! ನಾಲಿಗೆ ತಡೆಯಲಿಲ್ಲ. "ಗಂಡಿಗೆ ಇನ್ನೊಬ್ಬಳಿದ್ದಾಳಂತೆ, ಮಗುವೂ ಇದೆಯಂತೆ!" ಅಂದೇಬಿಟ್ಟಳು.

ಇಂದುಮತಿ ಸ್ಕ್ರಿಪ್ಟ್ ಪೂರ್ತಿ ತಿರುವಿ ಹಾಕಿದಳು. ಮಗುವಿನ ಸುದ್ದಿಯೇ ಇರಲಿಲ್ಲ. ಉಳಿದವರ ಬಾಯಿ ಬಿಡಿಸಿ, ಅವಳೊಬ್ಬಳನ್ನು ಮ್ಯೂಟ್ ಮಾಡಿದಳು.

ಆಗ ಎಡಮೂಲೆಯ ನೆರೆಯವಳು ಅವಳ ಮುಖಕ್ಕೇ ಹೇಳಿದಳು: "ಜನರ ಬೆನ್ನ ಹಿಂದೆ ನನ್ನನ್ನೂ ಕೂರಿಸಿದ್ದಾರೆ ಕಣೇ. ಅಷ್ಟಕ್ಕೇ ಬೆನ್ನ ಹಿಂದೆ ಮಾತಾಡಲೇಬೇಕಿತ್ತೇನೇ?"