ಕುಂಬಾರ ಸಂಕವ್ವ ಕಲಿಸಿದ "ಅ"

ಭಾಳ ಹಿಂದ, ಬಾವಿಗೆ ಎರಡು ಮಾರು ಹಗ್ಗ ಸಾಕಾಗ್ತಿದ್ದ ಕಾಲದಾಗ, ಒಂದೂರಾಗ ಕುಂಬಾರ ಸಂಕವ್ವ ಅಂತ ಇದ್ದಳು. ಸೆಟೆದ ಕೈಕಾಲನ್ನ ಆಕಿ ಮಣ್ಣಿನಾಗ ಪಳಗಿಸ್ತಿದ್ದಳಂತ. ಕಾಲು ಬಾರದ ಕೂಸನ್ನ ಮಣ್ಣಿನ ಕುಣಿಯೊಳಗ ನಿಂದ್ರಿಸಿ, ರಟ್ಟಿ ಹಿಡಿದು ತುಳಿಸ್ತಿದ್ದಳಂತ. ಆಕಿ ಮುಟ್ಟಿದ ಮಣ್ಣು ಆಗಷ್ಟ ಬೇಯಿಸಿದ ರೊಟ್ಟಿಹಂಗ ಬೆಚ್ಚಗಿರ್ತಿತ್ತು ಅಂತಾರ.

ಅದೇ ಊರಾಗ ತಂಗೆವ್ವ ಅನ್ನೂ ಹುಡುಗಿ. ಹುಟ್ಟಿದಾಗಿಂದ ಬಲಗೈ ಮುಷ್ಟಿ ಬಿಚ್ಚಿರಲಿಲ್ಲ. ಸಾಲ್ಯಾಗ ಎಲ್ಲಾರೂ ಉಸುಕಿನ ಮ್ಯಾಲ ಬೆರಳಾಡಿಸಿ ಬರೀತಿದ್ರ, ಈಕಿ ಮುಷ್ಟಿನ್ನ ಲಂಗದಾಗ ಮುಚ್ಚಿಕೊಂಡು ಕೂಡ್ತಿದ್ದಳು. ದೀಪಾವಳಿಯೊಳಗ "ಅ" ಬರೀಲಿಲ್ಲಂದ್ರ ಹುಡುಗಿನ್ನ ಮನ್ಯಾಗ ಇಟ್ಕೋರಿ ಅಂತ ಮಾಸ್ತರು ಅವರಪ್ಪಗ ಹೇಳಿಬಿಟ್ರು. ತಂಗೆವ್ವನ ಜೀವ ಎಲ್ಲಾ ಆ ಸಾಲ್ಯಾಗ ಇತ್ತು. ಆಕಿ ಉಣ್ಣೂದು ಬಿಟ್ಟಳು.

ಸಂಕವ್ವಗ ಸುದ್ದಿ ಮುಟ್ಟಿತು. ಮಣ್ಣಿನ ಮುದ್ದಿ ಹೊತ್ಕೊಂಡು ಸಾಲಿಗೇ ಬಂದಳು.

"ಇದೇನು ಸಾಲಿನೋ, ಗಡಿಗಿ ಸುಡೂ ಆವಿಗಿನೋ?" ಅಂದ್ರಂತ ಮಾಸ್ತರು.

"ಎರಡೂ ಕಡೆ ಹಸೀದನ್ನ ಗಟ್ಟಿ ಮಾಡೂದ ಅಲ್ರೀ ಯಪ್ಪಾ" ಅಂದು, ಕುಂತೇ ಬಿಟ್ಟಳಂತ.

ದಿನಾ ಮುಷ್ಟಿಯೊಳಗ ಮಣ್ಣು ಇಡೂದು, ಹಿಂಡಸೂದು, ಒಂದೊಂದ ಬೆರಳು ಬಿಡಸೂದು. ತಂಗೆವ್ವ ಹಲ್ಲು ಕಚ್ಚಿ ಅಳ್ತಿದ್ದಳು. ಸಂಕವ್ವನೂ ಅಳ್ತಿದ್ದಳು, ಹಿಡಿದ ಕೈ ಮಾತ್ರ ಬಿಡ್ತಿರಲಿಲ್ಲ ಅಂತಾರ. ಮೂರು ತಿಂಗಳಿಗೆ ತೋರಬೆರಳೊಂದು ಬಿಚ್ಚಿತು.

ಸಂಕವ್ವ ಓದಿದಾಕಿ ಅಲ್ಲ. ಹುಡುಗರ ಎದುರಿಗೆ ಕುಂತು, ಅವರು ಬರೆಯೂದನ್ನ ನೋಡಿ ನೋಡಿ "ಅ" ಕಲಿತಿದ್ದಳು. ಎದುರಿಂದ ಕಂಡಂಗ, ತಲಿಕೆಳಗ. ಹಂಗೇ ಹಸಿಮಣ್ಣಿನ ಮ್ಯಾಲ ಗೀರಿ, ಅದರಾಗ ತಂಗೆವ್ವನ ಬೆರಳು ನೂರು ಸಲ ಆಡಿಸಿದಳು. ಅದು ತಲಿಕೆಳಗ ಐತಿ ಅಂತ ತಂಗೆವ್ವಗ ಗೊತ್ತಿತ್ತು. ಆದ್ರ ಸಂಕವ್ವ ಆ ಅಕ್ಷರ ನೋಡಿ ಹಿಗ್ಗೂದು ಕಂಡು, ಹೇಳಾಕ ಬಾಯಿ ಬರಲಿಲ್ಲ.

ದೀಪಾವಳಿ ಹಿಂದಿನ ದಿನ ಮಾಸ್ತರು ತಂಗೆವ್ವನ ಎದುರಿಗೆ ಕುಂತು ಉಸುಕು ಹಾಸಿದ್ರು. ನೆಟ್ಟಗ ಬರೀಬೇಕಂತ ಆಕಿ ಭಾಳ ಹೆಣಗಿದಳು. ಬೆರಳು ಕೇಳಲಿಲ್ಲ. ಅದಕ್ಕ ಗೊತ್ತಿದ್ದದ್ದು ಒಂದ ದಾರಿ.

ಬಾಜೂ ಕುಂತ ಹುಡುಗರು ಕಿಸಕ್ಕಂದು, ಮಾಸ್ತರ ಕಿವ್ಯಾಗ ಪಿಸುಗುಟ್ಟಿದ್ರು. "ತಲಿಕೆಳಗ ಐತ್ರಿ ಮಾಸ್ತರ."

ಮಾಸ್ತರು ಬಾಗಲದಾಗ ನಿಂತ ಸಂಕವ್ವನ್ನ ನೋಡಿದ್ರು. ಆಕಿ ಮಣ್ಣಾದ ಕೈ ಮುಗಿದು ನಿಂತಿದ್ದಳು.

"ಸುಮ್ನ ಕೂಡ್ರಿ" ಅಂದ್ರು ಮೆಲ್ಲಕ. "ಇಲ್ಲಿಂದ ನನಗ ನೆಟ್ಟಗ ಕಾಣತೈತಿ. ಹಬ್ಬ ಮುಗಿಸಿ ಬಾರವ್ವ ತಂಗೆವ್ವ, 'ಆ' ಬರಿಯೂಣು."

ಸಂಕವ್ವ ಸಾಯೂತನಕ ಊರಾಗ ಒಬ್ಬರೂ ಆಕಿಗೆ ಆ ಮಾತು ಹೇಳಲಿಲ್ಲ ಅಂತಾರ. ಇವತ್ತಿಗೂ ಆ ಊರ ಮಕ್ಕಳು ಸಾಲಿಗೆ ಸೇರೂ ದಿನ, ಮೊದಲನೇ ಅಕ್ಷರ ಹಸಿಮಣ್ಣಿನ ಮ್ಯಾಲ ತಲಿಕೆಳಗ ಬರೀತಾವ. ಆ ದಿನ ಯಾರೂ ತಿದ್ದೂದಿಲ್ಲ.