ತಿಗಣಿಯ ಊಟ

ಹೊಳೆದಂಡೆಯ ಆ ಮಠದ ಗೋಡೆ ಬಿದ್ದು ಎಷ್ಟೋ ವರ್ಷವಾಯಿತು. ಆದರೂ ಆ ಕಡೆ ಹಾಯ್ದು ಹೋದರೆ ‘ಊಟ ಆತೇನು?’ ಎಂಬ ಮಾತು ಕಿವಿಗೆ ಬಿದ್ದಂತಾಗುತ್ತದೆ. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ನಿಂತೇ ಮುಂದೆ ಹೋಗುತ್ತೇನೆ.

ಆ ಮಠದ ಮರುಳಜ್ಜ ಬಂದವರ ಊರು ಕೇಳುತ್ತಿರಲಿಲ್ಲ, ಜಾತಿ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಅದೊಂದೇ. ಮೆಟ್ಟಿಲ ಬಳಿ ಉಂಡೆ ಉರುಳಿಸುವ ಸಗಣಿ ಹುಳವನ್ನೂ ಬಿಡುತ್ತಿರಲಿಲ್ಲ.

“ಏನ್ರೀ, ಊಟ ಆತೇನು? ಓಹೋ, ಬುತ್ತಿ ಕಟಗೊಂಡು ಹೊಂಟೀರಿ!”

ಶಿಷ್ಯರು ಬಿದ್ದು ಬಿದ್ದು ನಗುತ್ತಿದ್ದರು. ಆ ನಗೆಯಲ್ಲೇ ಪಾಠ. ಗುಲಗಂಜಿ ಹುಳಕ್ಕೆ ಚಿಗುರಿನ ಹೇನು ಊಟ. ಕೊಂಬಿನ ಹುಳಕ್ಕೆ ತೆಂಗಿನ ಸುಳಿ. ನುಸಿಗೆ ಗಡಿಗೆಯೊಳಗಿನ ಕಾಳು.

“ಮೊದಲ ಊಟ ಕೇಳ್ರಿ, ಆಮ್ಯಾಲ ಕೈ ಎತ್ರಿ,” ಅನ್ನುತ್ತಿದ್ದರು ಅಜ್ಜ.

ಒಂದು ವರ್ಷ ಅಜ್ಜರಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಬಾಯಿರುಚಿ ಬರಲಿಲ್ಲ. ಗಂಜಿಯನ್ನೂ ಅರ್ಧಕ್ಕೇ ಸರಿಸುತ್ತಿದ್ದರು. ಒಂದು ಮುಂಜಾನೆ ಶಿಷ್ಯ ಚನ್ನವೀರನಿಗೆ ಹೇಳಿದರು:

“ನಮ್ಮ ಗುರುಗಳು, ದೊಡ್ಡಜ್ಜಾರು, ಬಿಸಿ ರೊಟ್ಟಿ ಮ್ಯಾಲ ಅವರಿಕಾಯಿ ಪಲ್ಯ ಹಾಕಿ ಕೊಡತಿದ್ರು. ಆ ರುಚಿ ಇನ್ನೂ ನಾಲಿಗಿ ಮ್ಯಾಲ ಐತಿ ನೋಡಪಾ.”

ದೊಡ್ಡಜ್ಜ ತಂದ ಅವರೆ ತಳಿಯ ಬಳ್ಳಿ ಆ ಸಲ ಒಂದೇ ಒಂದು ಉಳಿದಿತ್ತು. ಅಡುಗೆಮನೆಯ ಮಾಡಿಗೆ ಹಬ್ಬಿ ಹೂ ಬಿಟ್ಟಿತ್ತು. ಅದರ ಕಾಯಿ ಅಜ್ಜರಿಗೆ ಉಣಿಸಿಯೇ ತೀರುತ್ತೇನೆ ಎಂದು ಚನ್ನವೀರ ಹಟ ತೊಟ್ಟ. ಒಳ್ಳೆಯವನೇ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ.

ಕಾಯಿ ಕಚ್ಚುವ ಹೊತ್ತಿಗೆ ಬಳ್ಳಿಯಲ್ಲಿ ಗಬ್ಬು ತಿಗಣಿ ಕಂಡವು, ಹಾಸಿಗೆಯವಲ್ಲ, ಗಿಡದವು. ಮುಟ್ಟಿದರೆ ಕೈಯೆಲ್ಲ ನಾತ.

“ಥೂ, ನಿಮ್ಮ!” ಎಂದವನೇ ನೀರಿಗೆ ಚಿಮಣಿ ಎಣ್ಣೆ ಬೆರೆಸಿ, ಕೈಗೆ ಸಿಕ್ಕ ತಿಗಣಿಯನ್ನೆಲ್ಲ ಅದರೊಳಗೆ ಉದುರಿಸಿ ಕೊಂದ. ಮಾಡಿನ ತುದಿ ನಿಲುಕಲಿಲ್ಲ. ಏಣಿ ತರುವಷ್ಟು ತಾಳ್ಮೆ ಅವನಿಗೆಲ್ಲಿ?

ಕಾಯಿ ಬಲಿತ ಮೇಲೆ ಬುಟ್ಟಿ ಹಿಡಿದು ಹೋದ. ಒಂದು ಸುಲಿದ, ಇನ್ನೊಂದು ಸುಲಿದ. ಒಳಗೆ ಹಸಿರು ಕೀಡಿ, ಅದರ ಹಿಕ್ಕೆ. ಕಾಳೇ ಇರಲಿಲ್ಲ.

ಖಾಲಿ ಬುಟ್ಟಿಯನ್ನು ಅಜ್ಜರ ಮುಂದಿಟ್ಟು ಅತ್ತೇಬಿಟ್ಟ.

“ಎಲ್ಲಾ ಕೀಡಿ ತಿಂದು ಹೋಗ್ಯಾವ್ರಿ ಅಜ್ಜಾರ. ತಿಗಣಿ ಹಿಡದು ಹಿಡದು ಕೊಂದಿದ್ನೆಲ್ರಿ!”

“ಅವು ಏನ್ ಉಣತಾವ, ಕೇಳಿದ್ಯೇನು?”

“ಕಾಯಿ ರಸ ಹೀರತಾವ. ಮತ್ತೇನ್ರಿ?”

“ಏಣಿ ತಾ,” ಅಂದರು ಅಜ್ಜ. ಕೋಲೂರಿಕೊಂಡು ತಾವೂ ಬಂದು ಮಾಡಿನ ಕೆಳಗೆ ನಿಂತರು. “ಏರು. ಕೈ ಹಚ್ಚಬ್ಯಾಡ. ನೋಡಿ ಹೇಳು.”

ಚನ್ನವೀರ ಏರಿದ.

“ಇಲ್ಲೊಂದು ತಿಗಣಿ ಐತ್ರಿ. ಕಾಯಿ ಹೀರಾಕತ್ತೈತಿ.”

“ಹೌದಾ? ಮುಂದ ನೋಡು.”

“ಇನ್ನೊಂದು...” ಅವನ ದನಿ ಇಳಿಯಿತು. “ಕೀಡಿಗೆ ಸೊಂಡಿ ಚುಚ್ಚೈತ್ರಿ ಅಜ್ಜಾರ. ಕೀಡಿನ್ನ ಹೀರಾಕತ್ತೈತಿ.”

“ಅದೂ ನಾರತೈತೇನು?”

“ಎರಡೂ ನಾರತಾವ್ರಿ.”

ಅವನ ಕೈ ನಿಲುಕದೆ ತಿಗಣಿ ಉಳಿದಿದ್ದ ಆ ತುದಿಯಲ್ಲಿ ಒಂದು ಹಿಡಿ ಕಾಯಿ ನೆಟ್ಟಗೆ ಉಳಿದಿದ್ದವು. ಅವನ್ನು ಕಿತ್ತು ತರಲು ಕೈ ಚಾಚಿದ.

“ಇವತ್ತ ಪಲ್ಯ ಮಾಡತೀನ್ರಿ. ನೀವು ಉಣ್ಣಾಕ ಬೇಕು.”

ಅಜ್ಜ ಮೇಲೆ ನೋಡುತ್ತ ನಿಂತರು. ಆಸೆ ಅವರಿಗಿರಲಿಲ್ಲ ಅಂತಲ್ಲ, ಬೇಕಾದಷ್ಟಿತ್ತು.

“ಬ್ಯಾಡ. ಬಳ್ಳಿ ಮ್ಯಾಲೇ ಒಣಗಲಿ. ಬೀಜಕ್ಕ ಬೇಕು.”

“ಮತ್ತ ನಿಮಗ?”

“ಗಂಜಿ ಕಾಸು.”

ಚನ್ನವೀರ ಏಣಿಯಿಂದಿಳಿದು ಅಜ್ಜರ ಕಾಲ ಬಳಿ ಕೂತ.

“ತಪ್ಪಾತ್ರಿ. ಆದರ ಅಷ್ಟು ಗಬ್ಬು ನಾರೂವಾಗ ಊಟ ಯಾರು ಕೇಳತಾರ್ರಿ?”

ಅಜ್ಜ ಅವನ ಬೆನ್ನ ಮೇಲೆ ಕೈಯಿಟ್ಟರು.

“ಸೆರೆ ಕುಡದು ಅಂಗಡಿಯಿಂದ ಎದ್ದು ನೀ ಈ ಮೆಟ್ಟಲಿಗೆ ಬಂದು ಬಿದ್ದ ದಿನ ಎಲ್ಲಾರೂ ಮೂಗು ಮುಚಗೊಂಡಿದ್ರು, ಚನ್ನವೀರ. ನಾ ಊಟ ಆತೇನು ಅಂದೆ.”